ಬಾಗಿದ ಗಾಜು, ಬಾಡಿಗೆದಾರರ ಬಿಲ್ಲು

ನಾನಿರುವ ಕೆಂಪಾಪುರದಿಂದ ಬಳ್ಳಾರಿ ರಸ್ತೆಗೆ ಬಂದರೆ ಕಣ್ಣಿಗೆ ರಾಚುವುದು ಗಾಜಿನ ಕಟ್ಟಡಗಳು. ಕೆಲವು ಮೂಲೆಯಲ್ಲಿ ದುಂಡಗೆ ಬಾಗಿವೆ. ಎರಡು ಗಾಜುಗಳ ನಡುವೆ ಗಾಳಿಯ ಪದರವಿರುವುದರಿಂದ ವಿದ್ಯುತ್ ಉಳಿಯುತ್ತದೆ ಎಂಬುದು ಇಂಥ ಕಟ್ಟಡಗಳ ಪರವಾದ ವಾದ. ಅದು ಸುಳ್ಳಲ್ಲ, ಆದರೆ ಬೇರೆ ಹವೆಯ ಊರಿಗೆ ಸಲ್ಲುವ ಸತ್ಯ.

ಜೋಡಿ ಗಾಜು ಮುಖ್ಯವಾಗಿ ತಡೆಯುವುದು ಒಳ-ಹೊರಗಿನ ಉಷ್ಣಾಂಶದ ವ್ಯತ್ಯಾಸದಿಂದ ಹರಿಯುವ ಶಾಖವನ್ನು. ಹಿಮ ಬೀಳುವ ದೇಶಗಳಲ್ಲಿ ಆ ವ್ಯತ್ಯಾಸ 30 ಡಿಗ್ರಿ ಮೀರಬಹುದು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ, ಕಡುಬೇಸಿಗೆಯ ಮಧ್ಯಾಹ್ನಗಳನ್ನು ಬಿಟ್ಟರೆ, 10 ಡಿಗ್ರಿಯೇ ಹೆಚ್ಚು. ಅಷ್ಟು ವ್ಯತ್ಯಾಸಕ್ಕೆ ಒಂದು ಚದರ ಮೀಟರಿನಲ್ಲಿ ಒಂಟಿ ಗಾಜಿನ ಬದಲು ಜೋಡಿ ಗಾಜು ಉಳಿಸುವುದು ಸುಮಾರು 30 ವ್ಯಾಟ್. ಅದೇ ಗಾಜು ಪಶ್ಚಿಮಕ್ಕಿದ್ದು, ಸಂಜೆ ನಾಲ್ಕರ ಬಿಸಿಲು 500 ವ್ಯಾಟ್‌ನಷ್ಟು ಬಿದ್ದರೆ, ಲೇಪನವಿಲ್ಲದ ಜೋಡಿ ಗಾಜಿನ ಮೂಲಕ ಒಳಬರುವ ಶಾಖ ಸುಮಾರು 350 ವ್ಯಾಟ್. ನಮಗೆ ಬೇಕಾದದ್ದು ಕಂಬಳಿಯಲ್ಲ, ಕೊಡೆ.

2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಗೆ ಇದು ಗೊತ್ತಿತ್ತು. ಅದರ ನೇರ ಮಾರ್ಗದಲ್ಲಿ ಗಾಜು ಗೋಡೆಯ ಶೇ 40ನ್ನು ಮೀರುವಂತಿಲ್ಲ. ನೆರಳಿಲ್ಲದ ಗಾಜು ಬಿಸಿಲ ಶಾಖದ ಶೇ 27ಕ್ಕಿಂತ ಹೆಚ್ಚನ್ನು ಒಳಬಿಡುವಂತಿಲ್ಲ. ಇಡೀ ಕಟ್ಟಡದ ಬಳಕೆ ಮಿತಿಯೊಳಗಿದೆಯೆಂದು ಕಂಪ್ಯೂಟರ್ ಲೆಕ್ಕದಲ್ಲಿ ತೋರಿಸಿದರೆ ಮಾತ್ರ ರಿಯಾಯಿತಿ. ಬಾಗಿದ ಗಾಜಿನ ತೊಡಕು ಇನ್ನೂ ದೊಡ್ಡದು. ಸಪಾಟು ಗೋಡೆಗೆ ಸಜ್ಜಾ ಹಾಕುವುದು ಸುಲಭ. ದುಂಡು ಗೋಡೆ ಏಕಕಾಲಕ್ಕೆ ಹಲವು ದಿಕ್ಕುಗಳಿಗೆ ಮುಖ ಮಾಡಿರುತ್ತದೆ. ಗಾಜನ್ನು ಬಾಗಿಸಲು 600 ಡಿಗ್ರಿಗೂ ಮೀರಿ ಕಾಯಿಸಬೇಕು. ಶಾಖ ತಡೆಯುವ ಲೇಪನಗಳಲ್ಲಿ ಅನೇಕವು ಅದನ್ನು ತಾಳವು. (ಲಂಡನ್ನಿನಲ್ಲಿ 2013ರಲ್ಲಿ ಒಳಬಾಗಿದ ಗಾಜಿನ ಗೋಪುರವೊಂದರ ಪ್ರತಿಫಲನಕ್ಕೆ ಕಾರಿನ ಬಿಡಿಭಾಗಗಳೇ ಕರಗಿದ್ದವು.)

ದೊಮ್ಮಲೂರಿನಲ್ಲಿ ಸಂಜಯ್ ಮೋಹೆ ವಿನ್ಯಾಸದ ಟೆರಿ ಕಚೇರಿ ಬೇರೆ ದಾರಿ ಹಿಡಿಯಿತು. ಉತ್ತರದಿಂದ ಬೆಳಕು, ದಕ್ಷಿಣಕ್ಕೆ ಕಡಪ ಕಲ್ಲಿನ ಟೊಳ್ಳುಗೋಡೆ. ಕಪ್ಪುಕಲ್ಲು ಕಾದಾಗ ಬಿಸಿಗಾಳಿ ಮೇಲೇರಿ, ತಂಪುಗಾಳಿಯನ್ನು ಒಳಗೆಳೆಯುತ್ತದೆ.

ಇಂಥವು ಹೆಚ್ಚಾಗದಿರುವುದೇಕೆ? ಗಾಜನ್ನು ಆರಿಸುವವರು ನಿರ್ಮಾಪಕರು, ಹವಾನಿಯಂತ್ರಣದ ಬಿಲ್ಲು ಕಟ್ಟುವವರು ಬಾಡಿಗೆದಾರರು. ಸರ್ಕಾರವೂ ಇದಕ್ಕೆ ಹೊರತಲ್ಲ. ಸೇವೆಯಲ್ಲಿದ್ದಾಗ ಕಚೇರಿಯೊಂದರ ಅಂದಾಜುಪಟ್ಟಿಯಿಂದ ಪಶ್ಚಿಮದ ಸಜ್ಜಾಗಳನ್ನು ಕೈಬಿಟ್ಟ ಟಿಪ್ಪಣಿಗೆ ನಾನೂ ಸಹಿ ಹಾಕಿದ್ದೇನೆ. ಬಂಡವಾಳ ವೆಚ್ಚ ಒಂದು ಲೆಕ್ಕಶೀರ್ಷಿಕೆ, ವಿದ್ಯುತ್ ಶುಲ್ಕ ಇನ್ನೊಂದು. ಎರಡನ್ನೂ ಒಟ್ಟಿಗೆ ನೋಡುವುದು ಯಾರ ಕೆಲಸವೂ ಆಗಿರಲಿಲ್ಲ. ಪಶ್ಚಿಮದ ಕೊಠಡಿಗಳಲ್ಲಿ ಆಮೇಲೆ ಪರದೆ ಎಳೆದು, ಹಗಲಿನಲ್ಲೇ ದೀಪ ಹಾಕಿ, ಏಸಿ ನಡೆಸಿದೆವು.

ಫ್ರಿಜ್ ಕೊಳ್ಳುವಾಗ ಅದರ ವಾರ್ಷಿಕ ಬಳಕೆ ಚೀಟಿಯಲ್ಲಿರುತ್ತದೆ. ಕಚೇರಿಯ ಬಾಡಿಗೆ ಕರಾರಿನಲ್ಲೂ ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂಬುದು ನಮೂದಾಗಲಿ. ರಿಯಾಯಿತಿ ಪಡೆದ ಕಟ್ಟಡಗಳು ಒಂದು ವರ್ಷದ ನಂತರ ಮೀಟರಿನ ನಿಜವಾದ ಅಂಕಿಯನ್ನು, ನಕ್ಷೆ ಮಂಜೂರು ಮಾಡಿದ ಪ್ರಾಧಿಕಾರಕ್ಕೆ ಸಲ್ಲಿಸುವಂತಾಗಲಿ. ಕಂಪ್ಯೂಟರಿನ ಲೆಕ್ಕದ ಪಕ್ಕದಲ್ಲೇ ಅದು ಪ್ರಕಟವಾಗಲಿ.