ಮೋಲ್ ಪಾಠ ಸುಣ್ಣದ ಡ್ರಮ್ಮಿಂದ ಶುರುವಾಗಲಿ

ಫಸ್ಟ್ ಪಿಯುಸಿ ಕೆಮಿಸ್ಟ್ರಿಯ ಮೊದಲನೇ ಚಾಪ್ಟರ್ ನೆನಪಿದೆಯಾ? ‘ಗಿವನ್ ಮಾಸ್ ಬೈ ಮೋಲಾರ್ ಮಾಸ್’. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ನಾವು ಹೇಳ್ತೀವಿ. ಆದರೆ ಅದರ ಅರ್ಥ ನಮಗೆ ಹೊಳೆದಿದ್ದು ಮೊನ್ನೆ ರಜೆಯಲ್ಲಿ, ಶೃಂಗೇರಿ ತಾಲೂಕಿನ ಅಡ್ಡಗದ್ದೆಯಲ್ಲಿ, ಗೆಳೆಯನ ಮನೆಯ ಅಡಿಕೆ ತೋಟದಲ್ಲಿ.

ಮಳೆ ಹಿಡಿಯೋ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋ ತಯಾರಿ ನಡೀತಿತ್ತು. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೇ ಅಡಿಕೆಗೆ ಇದನ್ನು ಹೊಡೆಯಲು ಹೇಳಿಕೊಟ್ಟಿದ್ದರು. ಅಳತೆ ಸುಲಭ: ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ.

ಮೈಲುತುತ್ತ ಅಂದ್ರೆ ಕಾಪರ್ ಸಲ್ಫೇಟ್ ಅನ್ನೋದೂ ನಮಗೆ ಗೊತ್ತಿರಲಿಲ್ಲ. ಗೊತ್ತಾದ ತಕ್ಷಣ ಮೊಬೈಲ್ ತೆಗೆದು ಲೆಕ್ಕ ಹಾಕಿದ್ವಿ. ಅದರ ಮೋಲಾರ್ ಮಾಸ್ ಸುಮಾರು 250 ಗ್ರಾಂ, ಒಂದು ಕೆಜಿ ಅಂದ್ರೆ 4 ಮೋಲ್. ಸುಟ್ಟ ಸುಣ್ಣದ್ದು 56 ಗ್ರಾಂ, ಒಂದು ಕೆಜಿ ಅಂದ್ರೆ ಹೆಚ್ಚುಕಡಿಮೆ 18 ಮೋಲ್. ರಿಯಾಕ್ಷನ್ ಆಗೋದು ಒಂದಕ್ಕೆ ಒಂದು. ಹಾಗಾದ್ರೆ 224 ಗ್ರಾಂ ಸುಣ್ಣ ಸಾಕಲ್ವಾ? ಉಳಿದದ್ದು ದಂಡ!

ಗೆಳೆಯನ ಅಪ್ಪಯ್ಯ ನಕ್ಕರು. ‘ಹೌದಾ ಮಾರಾಯ? ಒಂದು ಬಕೆಟಲ್ಲಿ ನಿಮ್ಮ ಲೆಕ್ಕದ ಹಾಗೇ ಮಾಡಿ ನೋಡುವ’ ಅಂದ್ರು. ಮಾಡಿದ್ವಿ. ಅವರು ಉಜ್ಜಿದ ಕತ್ತಿಯನ್ನ ಒಂದು ನಿಮಿಷ ಅದ್ದಿ ತೆಗೆದರು. ಅಲಗು ಕೆಂಪಾಗಿತ್ತು. ಕಬ್ಬಿಣದ ಮೇಲೆ ತಾಮ್ರ ಕೂತಿತ್ತು, ಅಂದ್ರೆ ದ್ರಾವಣದಲ್ಲಿ ತಾಮ್ರ ಇನ್ನೂ ಬಿಡಿಯಾಗೇ ಇದೆ. ಅದನ್ನೇ ಹೊಡೆದಿದ್ರೆ ಎಳೆ ಕಾಯಿ ಸುಟ್ಟುಹೋಗ್ತಿತ್ತು.

ನಮ್ಮ ಭಾಗಾಕಾರ ತಪ್ಪಿರಲಿಲ್ಲ. ಬಾಯಿ ಬಿಚ್ಚಿಟ್ಟ ಚೀಲದ ಸುಣ್ಣ ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಹೀರಿ ಸುಮಾರು ಭಾಗ ಕಾರ್ಬೋನೇಟ್ ಆಗಿರುತ್ತೆ. ನಾವು ಅದನ್ನ ಶುದ್ಧ ಅಂದುಕೊಂಡಿದ್ವಿ, ಯಾಕಂದ್ರೆ ನಾವು ಮಾಡಿದ ಲೆಕ್ಕಗಳಲ್ಲಿ ಹೆಚ್ಚಿನವು ಹಾಗೇ ಇದ್ದವು. ಲಿಮಿಟಿಂಗ್ ರಿಯೇಜೆಂಟ್, ಎಕ್ಸೆಸ್, ಪ್ಯೂರಿಟಿ ಮೂರೂ ಆ ಡ್ರಮ್ಮಲ್ಲೇ ಇದ್ದವು.

ನಮ್ಮ ವಾದ ಇಷ್ಟೇ. ಮೋಲ್ ಅಂದ್ರೆ ತೂಗಿ ಎಣಿಸೋದು, ಬ್ಯಾಂಕಲ್ಲಿ ನಾಣ್ಯದ ಚೀಲ ತೂಗಿ ಲೆಕ್ಕ ಹಿಡಿದ ಹಾಗೆ. ತೂಕ ಒಂದೇ ಇದ್ರೂ ಒಂದರಲ್ಲಿ 4, ಇನ್ನೊಂದರಲ್ಲಿ 18 ಯಾಕೆ ಅನ್ನೋ ಪ್ರಶ್ನೆ ಮೊದಲು ಬರಲಿ. ಅವೊಗಾಡ್ರೋ ಸಂಖ್ಯೆ, ಫಾರ್ಮುಲಾ ಎಲ್ಲ ಆಮೇಲೆ. ಸಿಲೆಬಸ್ ಮುಗಿಸೋಕೇ ಟೈಮಿಲ್ಲ ಅಂತಾರೆ, ನಿಜ. ಆದರೆ ಒಂದು ಡ್ರಮ್ಮಿನ ಕಥೆಗೆ ಒಂದು ಪೀರಿಯಡ್ ಸಾಕು. ಅರ್ಥವಾಗದೆ ಮಾಡೋ ನೂರು ಲೆಕ್ಕಕ್ಕೆ ಅದಕ್ಕಿಂತ ಜಾಸ್ತಿ ಹಿಡಿಯುತ್ತೆ.

ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ನಮ್ಮ ಗೆಳೆಯ ಕೆಮಿಸ್ಟ್ರಿ ಕ್ಲಾಸಲ್ಲಿ ತಲೆ ತಗ್ಗಿಸಿ ಕೂರ್ತಿದ್ದ. ಈ ಅಳತೆ, ಈ ಕತ್ತಿ ಪರೀಕ್ಷೆ ಚಿಕ್ಕಂದಿನಿಂದ ಅವನಿಗೆ ಗೊತ್ತು. ಅದೂ ಕೆಮಿಸ್ಟ್ರಿ ಅಂತ ಯಾರೂ ಅವನಿಗೆ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ರಜೆಗೆ ಊರಿಗೆ ಹೋದಾಗ ತಮ್ಮನೋ ತಂಗಿಯೋ ಮೋಲ್ ಲೆಕ್ಕ ಹಿಡ್ಕೊಂಡು ಬಂದ್ರೆ, ಫಾರ್ಮುಲಾ ಹೇಳೋ ಮೊದಲು ಇದೊಂದು ಕೇಳಿ: ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎಣಿಸಿದ್ರೆ ಯಾವುದು ಜಾಸ್ತಿ?