ದಾದಿಯ ಪದವಿ: ಒಂದು ವರ್ಷವೋ, ನಾಲ್ಕು ವರ್ಷವೋ?

ಅಮೆರಿಕದಲ್ಲಿ ಶುಶ್ರೂಷಾ ಪದವಿಗೆ ನಾಲ್ಕು ವರ್ಷಗಳ ಹಳೆಯ ಕ್ರಮವಲ್ಲದೆ, ಬೇರೆ ವಿಷಯದಲ್ಲಿ ಆಗಲೇ ಪದವೀಧರರಾದವರಿಗೆಂದು ಹೆಚ್ಚುಕಡಿಮೆ 12ರಿಂದ 18 ತಿಂಗಳುಗಳ ಶೀಘ್ರ ಕ್ರಮವೂ ಉಂಟು. ಸೇಂಟ್ ಲೂಯಿಸ್ ವಿಶ್ವವಿದ್ಯಾನಿಲಯವು ಇದನ್ನು 1971ರಲ್ಲಿ ಆರಂಭಿಸಿತು. ಇತಿಹಾಸ ಓದಿದವರೂ ಒಂದೂವರೆ ವರ್ಷದಲ್ಲಿ ದಾದಿಯಾಗಬಹುದೆಂದರೆ ನಮ್ಮಂಥವರ ಕಿವಿ ನಿಮಿರುವುದು ಸಹಜವೇ.

ಅವಸರದ ಕಲಿಕೆ ಅರೆಗಲಿಕೆಯೆಂದು ಮೂಗು ಮುರಿಯುವವರಿದ್ದಾರೆ. ನಾನು ಒಪ್ಪೆನು. ಇಬ್ಬರೂ ಕಡೆಗೆ ಕುಳಿತುಕೊಳ್ಳುವುದು ಒಂದೇ ಪರವಾನಗಿ ಪರೀಕ್ಷೆಗೆ. ನೈಟಿಂಗೇಲ್ 1860ರಲ್ಲಿ ಲಂಡನ್ನಿನಲ್ಲಿ ತೆರೆಯಿಸಿದ ಶಾಲೆಯ ಶಿಕ್ಷಣವೂ ಒಂದೇ ವರ್ಷದ್ದಾಗಿತ್ತು! ನನ್ನ ಶಂಕೆಯಿರುವುದು ಲೆಕ್ಕದಲ್ಲಿ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರಗಳನ್ನು ಸೇರುವ ಮುನ್ನವೇ ಮುಗಿಸಿರಬೇಕು. ಆ ಕಾಲವನ್ನು ಯಾರೂ ಎಣಿಸುವುದಿಲ್ಲ. ಸೇರಿದ ಮೇಲೆ ದೀರ್ಘ ರಜೆಯಿಲ್ಲ; ತರಗತಿಯೂ ವಾರ್ಡೂ ಹಗಲನ್ನೆಲ್ಲ ನುಂಗುವುದರಿಂದ ಸಂಬಳದ ಕೆಲಸ ಮಾಡುತ್ತ ಓದುವುದು ದುಸ್ತರ. ಕೂಡಿಟ್ಟ ಹಣವಿದ್ದವರು ಧೈರ್ಯವಾಗಿ ಸೇರಲಿ. ದುಡಿದೇ ಉಣ್ಣಬೇಕಾದವರಿಗೆ ನಾಲ್ಕು ವರ್ಷಗಳ ದಾರಿಯೇ ಲೇಸು.

ನಮ್ಮಲ್ಲಿ ಬಿ.ಎ. ಆದವರಿಗೆ ಈ ಆಯ್ಕೆಯೇ ಇಲ್ಲ. ಬಿ.ಎಸ್‌ಸಿ. ನರ್ಸಿಂಗಿಗೆ ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿರಬೇಕು, ಮತ್ತೆ ನಾಲ್ಕು ವರ್ಷ ಕಳೆಯಬೇಕು. ಜನರಲ್ ನರ್ಸಿಂಗ್ ಡಿಪ್ಲೊಮಾದ ಬಾಗಿಲು ಕಲಾವಿಭಾಗದವರಿಗೂ ತೆರೆದಿದೆ. ಅಲ್ಲಿಯೂ ಮೊದಲಿನಿಂದಲೇ ಆರಂಭ. ನಾವು ಇಲ್ಲಿ ಕಳೆಯುವ ಮೂರು ವರ್ಷಗಳಲ್ಲಿ ಒಂದನ್ನಾದರೂ ಲೆಕ್ಕಕ್ಕೆ ಹಿಡಿಯಬಾರದೇಕೆ?