ಸ್ಫೋಟದ ನಂತರ ಮೈಮೇಲೆ ಗಾಯವಿಲ್ಲದಿದ್ದರೆ ಅಪಾಯವಿಲ್ಲವೇ?

ಸಿಲಿಂಡರ್ ಸ್ಫೋಟ, ಪಟಾಕಿ ದುರಂತದ ಸುದ್ದಿ ಬಂದಾಗಲೆಲ್ಲ ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು ಘಟನೆಯ ವಿಡಿಯೊ, ಇನ್ನೊಂದು ‘ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಹಚ್ಚಿ’ ಎಂಬಂಥ ಮನೆಮದ್ದು. ಇವುಗಳ ನಡುವೆ ಮುಖ್ಯ ವಿಷಯವೇ ತಪ್ಪಿಹೋಗುತ್ತದೆ. ಸ್ಫೋಟದಲ್ಲಿ ಜೀವಕ್ಕೆ ಕುತ್ತು ತರುವ ಗಾಯ ಹೊರಗೆ ಕಾಣದೆಯೂ ಇರಬಹುದು.

ಸ್ಫೋಟದಿಂದ ದೇಹಕ್ಕೆ ಏನಾಗುತ್ತದೆ?

ಸ್ಫೋಟದ ಗಾಯಗಳನ್ನು ವೈದ್ಯರು ಮುಖ್ಯವಾಗಿ ನಾಲ್ಕು ಬಗೆಯಾಗಿ ನೋಡುತ್ತಾರೆ:

1. ಒತ್ತಡದ ಅಲೆಯಿಂದ ಆಗುವ ಗಾಯ. ಗಾಳಿ ತುಂಬಿರುವ ಕಿವಿ, ಶ್ವಾಸಕೋಶ, ಕರುಳಿಗೆ ಇದರ ಹೊಡೆತ ಹೆಚ್ಚು.
2. ಸಿಡಿದ ಗಾಜು, ಲೋಹದ ಚೂರುಗಳಿಂದ ಆಗುವ ಗಾಯ.
3. ವ್ಯಕ್ತಿ ಎಸೆಯಲ್ಪಟ್ಟು ಗೋಡೆಗೋ ನೆಲಕ್ಕೋ ಬಡಿದು ಆಗುವ ಗಾಯ.
4. ಬೆಂಕಿ, ಹೊಗೆ, ವಿಷಾನಿಲದಿಂದ ಆಗುವ ಹಾನಿ.

ಮೊದಲನೆಯದೇ ಮೋಸಗೊಳಿಸುವಂಥದ್ದು. ಚರ್ಮದ ಮೇಲೆ ಒಂದು ಗೀರೂ ಇಲ್ಲದೆ ಶ್ವಾಸಕೋಶದೊಳಗೆ ರಕ್ತಸ್ರಾವ ಆಗಿರಬಹುದು. ಮುಚ್ಚಿದ ಕೋಣೆಯಲ್ಲಿ ಅಲೆ ಗೋಡೆಗಳಿಗೆ ಬಡಿದು ಮರಳುವುದರಿಂದ ಅಪಾಯ ಇನ್ನೂ ಹೆಚ್ಚು. ಉಸಿರುಗಟ್ಟುವುದು, ಎದೆನೋವು, ಕೆಮ್ಮಿನಲ್ಲಿ ರಕ್ತ, ಹೊಟ್ಟೆನೋವು, ಕಿವಿ ಕೇಳಿಸದಿರುವುದು ಇದರ ಲಕ್ಷಣಗಳು. ಕೆಲವರಲ್ಲಿ ಇವು ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳುತ್ತವೆ. ಹಾಗಾಗಿ ಸ್ಫೋಟದ ಹತ್ತಿರ ಇದ್ದವರು ‘ನನಗೇನೂ ಆಗಿಲ್ಲ’ ಎಂದರೂ ಆಸ್ಪತ್ರೆಗೆ ಕರೆದೊಯ್ಯಿರಿ.

ಬೈರೂತ್ ಕಲಿಸಿದ ಪಾಠ

2020ರ ಆಗಸ್ಟ್ 4ರಂದು ಲೆಬನಾನ್‌ನ ಬೈರೂತ್ ಬಂದರಿನಲ್ಲಿ ಸುಮಾರು 2,750 ಟನ್ ಅಮೋನಿಯಂ ನೈಟ್ರೇಟ್ ದಾಸ್ತಾನಿದ್ದ ಗೋದಾಮು ಸ್ಫೋಟಿಸಿತು. 200ಕ್ಕೂ ಹೆಚ್ಚು ಜನ ಸತ್ತರು, 6,000ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಮೊದಲು ಎದ್ದ ಬೆಂಕಿ, ಹೊಗೆಯನ್ನು ಅನೇಕರು ಕಿಟಕಿ, ಬಾಲ್ಕನಿಗಳಲ್ಲಿ ನಿಂತು ನೋಡುತ್ತಿದ್ದರು, ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದರು. ದೊಡ್ಡ ಸ್ಫೋಟವಾದಾಗ ಒಡೆದ ಗಾಜು ಬಹಳ ಜನರನ್ನು ಗಾಯಗೊಳಿಸಿತು. ಆಸ್ಪತ್ರೆಗಳೇ ಹಾನಿಗೊಳಗಾಗಿ, ರೋಗಿಗಳನ್ನು ಹೊರಗೆ ಸಾಗಿಸಬೇಕಾಯಿತು. ದೂರದಲ್ಲಿ ಬೆಂಕಿ ಕಂಡರೆ ಕಿಟಕಿಯತ್ತ ಓಡಬೇಡಿ, ಗಾಜಿನಿಂದ ದೂರ ಸರಿಯಿರಿ.

ನೀವು ಏನು ಮಾಡಬೇಕು?

• ಮೊದಲು ನಿಮ್ಮ ಸುರಕ್ಷತೆ. ಗ್ಯಾಸ್ ವಾಸನೆ ಇದ್ದರೆ ಸ್ವಿಚ್ ಮುಟ್ಟಬೇಡಿ. ಇನ್ನೊಂದು ಸ್ಫೋಟ ಆಗಬಹುದು.
• 108 ಅಥವಾ 112ಕ್ಕೆ ಕರೆ ಮಾಡಿ.
• ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕೈಕಾಲಿನ ರಕ್ತ ಹಾಗೂ ನಿಲ್ಲದಿದ್ದರೆ, ಗಾಯದ ಮೇಲ್ಭಾಗದಲ್ಲಿ ಅಗಲವಾದ ಬಟ್ಟೆ ಬಿಗಿಯಾಗಿ ಕಟ್ಟಿ, ಕಟ್ಟಿದ ಸಮಯ ಬರೆದಿಡಿ.
• ಚುಚ್ಚಿಕೊಂಡ ಗಾಜು, ಕಬ್ಬಿಣ ಕೀಳಬೇಡಿ. ಅದೇ ರಕ್ತವನ್ನು ತಡೆದಿರಬಹುದು. ಅದರ ಸುತ್ತ ಒತ್ತಿ ಹಿಡಿಯಿರಿ.
• ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ತಣ್ಣೀರು ಬಿಡಿ, ಉಳಿದ ಮೈ ಬೆಚ್ಚಗಿರಲಿ. ಟೂತ್‌ಪೇಸ್ಟ್, ಇಂಕು, ಐಸ್ ಬೇಡ.
• ಮುಖ ಸುಟ್ಟಿದ್ದರೆ, ಮೂಗಿನಲ್ಲಿ ಮಸಿ ಇದ್ದರೆ, ದನಿ ಗೊಗ್ಗರಾಗಿದ್ದರೆ ಉಸಿರಿನ ದಾರಿ ಊದಿಕೊಳ್ಳುತ್ತಿರಬಹುದು. ತಡಮಾಡಬೇಡಿ.
• ಶಸ್ತ್ರಚಿಕಿತ್ಸೆ ಬೇಕಾಗಬಹುದು, ತಿನ್ನಲು ಕುಡಿಯಲು ಏನೂ ಕೊಡಬೇಡಿ.

‘ಪೊಲೀಸರು ಬರುವವರೆಗೆ ಮುಟ್ಟಬಾರದು’ ನಿಜವೇ?

ಅಲ್ಲ. ಗಾಯಾಳುವಿನ ಜೀವ ಉಳಿಸುವುದೇ ಮೊದಲು, ಕಾನೂನಿನ ವಿಧಿವಿಧಾನ ನಂತರ ಎಂದು ಪರಮಾನಂದ್ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಸರ್ಕಾರಿ ಇರಲಿ, ಖಾಸಗಿ ಇರಲಿ, ವೈದ್ಯರಿಗೆ ಈ ಕರ್ತವ್ಯ ತಪ್ಪಿದ್ದಲ್ಲ.

ಮುಂದಿನ ಬಾರಿ ಸ್ಫೋಟದ ವಿಡಿಯೊ ನಿಮ್ಮ ಗುಂಪಿಗೆ ಬಂದರೆ, ಅದರ ಬದಲು ಈ ಮಾಹಿತಿಯನ್ನು ಹಂಚಿಕೊಳ್ಳಿ ಎಂಬುದು ನಮ್ಮ ಕೋರಿಕೆ.